ಮನೆಗೊಂದು ಸದ್ದಿಲ್ಲದ ಸರ್ವರ್: ಬಳಸಿದ ಪುಟ್ಟ ಗಣಕವನ್ನು ಆರಿಸುವ ಬಗೆ

2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ನಂತರದ್ದಾದ ವಿಂಡೋಸ್ 11, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್ ಕಂಪನಿಯ 8ನೆಯ ತಲೆಮಾರಿಗಿಂತ ಹಿಂದಿನ ಸಂಸ್ಕಾರಕಗಳನ್ನು ಒಪ್ಪುವುದಿಲ್ಲ. ಇದರ ಪರಿಣಾಮ ಏನಾಯಿತೆಂದರೆ, ಕಚೇರಿಗಳ ಮೇಜಿನ ಮೇಲೆ, ಮಾನಿಟರುಗಳ ಬೆನ್ನಿಗೆ ಅಂಟಿಕೊಂಡು ಕೆಲಸ ಮಾಡುತ್ತಿದ್ದ ಅಸಂಖ್ಯ ಪುಟ್ಟ ಗಣಕಗಳು, ಯಾವ ದೋಷವೂ ಇಲ್ಲದಿದ್ದರೂ, ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇವು ಸಾಲಾಗಿ ಪೇರಿಸಿಟ್ಟಿರುವುದನ್ನು ಕಾಣಬಹುದು. ಲಿನಕ್ಸ್ ಬಳಸುವವರಿಗೆ ವಿಂಡೋಸಿನ ಈ ನಿಯಮದಿಂದ ಯಾವ ಬಾಧೆಯೂ ಇಲ್ಲ. ಆದ್ದರಿಂದ ಮನೆಯಲ್ಲಿ ಅಥವಾ ಶಾಲೆಯಲ್ಲಿ ಒಂದು ಸರ್ವರ್ ಇಟ್ಟುಕೊಳ್ಳಬೇಕೆಂಬ ಆಸೆಯಿದ್ದವರಿಗೆ ಇದು ಒಳ್ಳೆಯ ಕಾಲ.

ಸರ್ವರ್ ಎಂದರೆ ದೊಡ್ಡ ಕಂಪನಿಗಳ ಹವಾನಿಯಂತ್ರಿತ ಕೋಣೆಗಳಲ್ಲಿ ಗುಂಯ್‌ಗುಡುವ ಕಪಾಟುಗಳೇ ಆಗಬೇಕಿಲ್ಲ. ಕೇಳಿದವರಿಗೆ ಕೇಳಿದ ಕಡತವನ್ನು ಒದಗಿಸುತ್ತ, ದಿನದ 24 ಗಂಟೆಯೂ ಎಚ್ಚರವಾಗಿರುವ ಯಾವ ಗಣಕವೂ ಸರ್ವರೇ. ಮನೆಯವರ ನಾಲ್ಕು ಫೋನುಗಳಲ್ಲಿ ಚದುರಿಹೋಗಿರುವ ಛಾಯಾಚಿತ್ರಗಳನ್ನು ಒಂದೆಡೆ ಸೇರಿಸುವುದು, ಇಪ್ಪತ್ತು ವರ್ಷಗಳ ಪ್ರಶ್ನೆಪತ್ರಿಕೆ ಮತ್ತು ಟಿಪ್ಪಣಿಗಳನ್ನು ಕಾಪಾಡುವುದು, ವಿಡಿಯೊಗಳನ್ನು ಟಿ.ವಿ.ಗೆ ಕಳಿಸುವುದು ಇದರ ಸಾಮಾನ್ಯ ಕೆಲಸಗಳು. ಶಾಲೆಯಲ್ಲಾದರೆ ಉಪಯೋಗ ಇನ್ನೂ ಹೆಚ್ಚು. ಕೀವಿಕ್ಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡು ಸರ್ವರಿನಲ್ಲಿಟ್ಟರೆ, ಅಂತರಜಾಲದ ಸಂಪರ್ಕ ಇರಲಿ ಬಿಡಲಿ, ಪ್ರಯೋಗಾಲಯದ ಎಲ್ಲ ಗಣಕಗಳಿಂದಲೂ ಅದನ್ನು ಓದಬಹುದು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ವಿಜ್ಞಾನ ಅನುಕರಣೆಗಳನ್ನೂ ಹೀಗೆಯೇ ಇಟ್ಟುಕೊಳ್ಳಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ಸಂಪರ್ಕ ಕಡಿದುಹೋಗುವ ಮಲೆನಾಡಿನ ಶಾಲೆಗಳ ಶಿಕ್ಷಕರಿಗೆ ಇದರ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.

ಸರಿ, ಕೊಳ್ಳುವುದೇನೋ ಸುಲಭ. ಆದರೆ ಯಾವುದನ್ನು? ಅಂಗಡಿಯವರು ಸಂಸ್ಕಾರಕದ ವೇಗವನ್ನೂ ಮೆಮೊರಿಯ ಗಾತ್ರವನ್ನೂ ಹೇಳುತ್ತಾರೆ. ಹಗಲಿರುಳು ಚಾಲೂ ಇರುವ ಯಂತ್ರಕ್ಕೆ ಇವೆರಡಕ್ಕಿಂತ ಮುಖ್ಯವಾದ ಎರಡು ಪ್ರಶ್ನೆಗಳಿವೆ: ಅದು ಸುಮ್ಮನಿರುವಾಗ ಎಷ್ಟು ವಿದ್ಯುತ್ತು ತಿನ್ನುತ್ತದೆ, ಮತ್ತು ಎಷ್ಟು ಸದ್ದು ಮಾಡುತ್ತದೆ? ಎರಡಕ್ಕೂ ಉತ್ತರ ಕೊಡುವುದು ಪದವಿಪೂರ್ವ ತರಗತಿಯ ಭೌತಶಾಸ್ತ್ರವೇ.

ಒಂದು ವಾಟಿನ ಬೆಲೆ

ಮೊದಲು ಒಂದು ಚಿಕ್ಕ ಲೆಕ್ಕ. ವರ್ಷಕ್ಕೆ 8,760 ಗಂಟೆಗಳು. ಒಂದು ವಾಟ್ ಸಾಮರ್ಥ್ಯವನ್ನು ಎಡೆಬಿಡದೆ ಬಳಸುವ ಸಾಧನ ವರ್ಷದಲ್ಲಿ 8.76 ಕಿಲೊವಾಟ್ ಗಂಟೆ, ಎಂದರೆ 8.76 ಯೂನಿಟ್ ವಿದ್ಯುತ್ತನ್ನು ಬಳಸುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದು ಇಟ್ಟುಕೊಳ್ಳೋಣ (ನಿಮ್ಮ ಬಿಲ್ಲಿನಲ್ಲಿರುವ ದರವನ್ನು ಹಾಕಿಕೊಳ್ಳಿ). ಆಗ ಒಂದು ವಾಟಿನ ಬೆಲೆ ವರ್ಷಕ್ಕೆ ಸುಮಾರು 61 ರೂಪಾಯಿ. ನಾಲ್ಕು ವರ್ಷಕ್ಕೆ ಸುಮಾರು 245 ರೂಪಾಯಿ. ಈ 245 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಅಟ್ಟದ ಮೇಲೆ ಒಂದು ಹಳೆಯ ಟವರ್ ಗಣಕ ಬಿದ್ದಿದೆ, ಪುಕ್ಕಟೆಯಾಗಿ ಅದನ್ನೇ ಸರ್ವರ್ ಮಾಡೋಣ ಎನ್ನಿಸುವುದು ಸಹಜ. ಅಂಥ ಯಂತ್ರ ಸುಮ್ಮನಿರುವಾಗಲೂ 50 ವಾಟ್ ಬಳಸಿದರೆ ವರ್ಷಕ್ಕೆ 438 ಯೂನಿಟ್, ಸುಮಾರು 3,070 ರೂಪಾಯಿ. ಬಳಸಿದ ಪುಟ್ಟ ಗಣಕಗಳು ಸುಮ್ಮನಿರುವಾಗ ಸಾಮಾನ್ಯವಾಗಿ 8ರಿಂದ 15 ವಾಟಿನ ಒಳಗೇ ಇರುತ್ತವೆ. 10 ವಾಟ್ ಎಂದುಕೊಂಡರೆ ವರ್ಷಕ್ಕೆ 613 ರೂಪಾಯಿ. ನಾಲ್ಕು ವರ್ಷಗಳಲ್ಲಿ ಇವೆರಡರ ವ್ಯತ್ಯಾಸ 9,800 ರೂಪಾಯಿ ದಾಟುತ್ತದೆ. ಪುಕ್ಕಟೆಯ ಯಂತ್ರವೇ ದುಬಾರಿಯಾಯಿತು! ತಿಂಗಳಿಗೆ 36 ಯೂನಿಟ್ ಎಂಬುದು, ಉಚಿತ ವಿದ್ಯುತ್ತಿನ ಯೋಜನೆಯ ಮಿತಿಯೊಳಗೇ ಬಳಕೆಯನ್ನು ಹಿಡಿದಿಟ್ಟುಕೊಳ್ಳಬೇಕಾದ ಮನೆಗಳಿಗೆ ಸಣ್ಣ ಸಂಖ್ಯೆಯೂ ಅಲ್ಲ.

ಇದೇ ಲೆಕ್ಕ ಎದುರು ದಿಕ್ಕಿನಲ್ಲೂ ಕೆಲಸ ಮಾಡುತ್ತದೆ. 2023ರಲ್ಲಿ ಬಂದ ಇಂಟೆಲ್ ಎನ್100 ಸಂಸ್ಕಾರಕವಿರುವ ಹೊಸ ಪುಟ್ಟ ಗಣಕಗಳು ಇನ್ನೂ ಕಡಿಮೆ ವಿದ್ಯುತ್ತು ಸಾಕೆನ್ನುತ್ತವೆ. ಆದರೆ ಅವು ಉಳಿಸುವುದು 4 ವಾಟ್ ಎಂದಾದರೆ, ನಾಲ್ಕು ವರ್ಷದಲ್ಲಿ ಉಳಿಯುವ ಹಣ 980 ರೂಪಾಯಿ ಮಾತ್ರ. ಅದಕ್ಕಾಗಿ ಐದು ಸಾವಿರ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ಪರಿಸರದ ದೃಷ್ಟಿಯಿಂದ ನೋಡಿದರೂ ಸರಿಯಾಗಿರುವ ಯಂತ್ರವೊಂದನ್ನು ತಿಪ್ಪೆಗೆಸೆದು ಹೊಸದನ್ನು ತಯಾರಿಸುವುದಕ್ಕೆ ತಗಲುವ ಶಕ್ತಿ ಮತ್ತು ಖನಿಜಗಳ ಲೆಕ್ಕವನ್ನು ಮರೆಯಬಾರದು.

35 ವಾಟ್ ಎಂದು ಬರೆದಿರುವುದರ ಅರ್ಥ

ಈ ಗಣಕಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಸ್ಕಾರಕಗಳು ಐ5-6500ಟಿ, ಐ5-7500ಟಿ, ಐ5-8500ಟಿ. ಕೊನೆಯಲ್ಲಿರುವ 'ಟಿ' ಅಕ್ಷರ, ಅದು 35 ವಾಟಿನ ವರ್ಗಕ್ಕೆ ಸೇರಿದ್ದು ಎಂಬುದರ ಗುರುತು. 'ಟಿ' ಇಲ್ಲದ ಅವುಗಳ ಸೋದರರು 65 ವಾಟಿನವು. ಇದನ್ನು ನೋಡಿ ಮೊದಲನೆಯದು ಸದಾ 35 ವಾಟ್ ಬಳಸುತ್ತದೆ, ಎರಡನೆಯದು ಸದಾ 65 ವಾಟ್ ಬಳಸುತ್ತದೆ ಎಂದು ಭಾವಿಸುವವರೇ ಹೆಚ್ಚು. ಹಾಗಲ್ಲ. ಅದು ಸಂಸ್ಕಾರಕವು ಸತತವಾಗಿ ದುಡಿಯುವಾಗ ಹೊರಹಾಕುವ ಉಷ್ಣವನ್ನು ಸಾಗಿಸಲು ಶೀತಕ ವ್ಯವಸ್ಥೆ ಎಷ್ಟು ಸಮರ್ಥವಾಗಿರಬೇಕು ಎಂಬುದರ ಸೂಚನೆ. ಸುಮ್ಮನಿರುವಾಗಿನ ಬಳಕೆಯನ್ನು ಅದು ಹೇಳುವುದಿಲ್ಲ.

ಕಾರಣ ಸರಳ. ಸಂಸ್ಕಾರಕದಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ. ಪ್ರತಿಯೊಂದು ಸ್ವಿಚ್ಚಾಗುವಾಗಲೂ ಅದರ ಮುಂದಿರುವ ಸೂಕ್ಷ್ಮ ಧಾರಕತೆಯೊಂದು ತುಂಬುತ್ತದೆ ಇಲ್ಲವೇ ಬರಿದಾಗುತ್ತದೆ. ಈ ಚಟುವಟಿಕೆಯಲ್ಲಿ ವ್ಯಯವಾಗುವ ಸಾಮರ್ಥ್ಯವು ಒಟ್ಟು ಧಾರಕತೆ, ವೋಲ್ಟೇಜಿನ ವರ್ಗ ಮತ್ತು ಆವೃತ್ತಿ, ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜಿನ ವರ್ಗ ಎಂಬುದನ್ನು ಗಮನಿಸಿ. ಉದಾಹರಣೆಗೆ ವೋಲ್ಟೇಜು 1.2ರಿಂದ 0.9ಕ್ಕೆ, ಆವೃತ್ತಿ 3.6 ಗಿಗಾಹರ್ಟ್ಸಿನಿಂದ 2.4 ಗಿಗಾಹರ್ಟ್ಸಿಗೆ ಇಳಿದರೆ, ಸಾಮರ್ಥ್ಯವು 0.5625 × 0.667, ಎಂದರೆ ಮೊದಲಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿನ ಮಟ್ಟಕ್ಕೆ ಬೀಳುತ್ತದೆ. ಕೆಲಸ ಮುಗಿಯಲು ಒಂದೂವರೆ ಪಟ್ಟು ಕಾಲ ಬೇಕಾದರೂ ಒಟ್ಟು ಶಕ್ತಿಯ ವೆಚ್ಚ ಮೊದಲಿನ ಶೇಕಡ 56 ಮಾತ್ರ. ಇನ್ನು ಕೆಲಸವೇ ಇಲ್ಲದಾಗ ಗಡಿಯಾರದ ಮಿಡಿತವನ್ನೇ ಆ ಭಾಗಗಳಿಗೆ ತಲುಪದಂತೆ ನಿಲ್ಲಿಸಲಾಗುತ್ತದೆ. ಗಾಢ ನಿದ್ರೆಯಲ್ಲಿ ವೋಲ್ಟೇಜನ್ನೂ ಕಡಿಯಲಾಗುತ್ತದೆ. ಹಾಗೆ ನಿದ್ರಿಸುವಾಗ 35 ವಾಟಿನದಕ್ಕೂ 65 ವಾಟಿನದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮನೆಯ ಸರ್ವರ್ ದಿನದ ಬಹುಪಾಲು ನಿದ್ರೆಯಲ್ಲೇ ಇರುತ್ತದೆ.

ಹಾಗಾದರೆ 'ಟಿ' ಬೇಡವೇ? ಬೇಕು; ಆದರೆ ಬಿಲ್ಲಿಗಾಗಿ ಅಲ್ಲ, ಕಿವಿಗಾಗಿ. ವಿಡಿಯೊ ಪರಿವರ್ತನೆಯಂಥ ಭಾರಿ ಕೆಲಸ ಬಂದಾಗ 'ಟಿ' ಸಂಸ್ಕಾರಕ ಕಡಿಮೆ ಬಿಸಿಯಾಗುತ್ತದೆ, ಫ್ಯಾನು ಕಡಿಮೆ ಅರಚುತ್ತದೆ.

ಸುಮ್ಮನಿರುವಾಗಿನ ಬಳಕೆಯನ್ನು ನಿರ್ಧರಿಸುವ ಇನ್ನೊಂದು ಮುಖ್ಯ ಅಂಗ ವಿದ್ಯುತ್ ಪೂರೈಕೆಯ ಘಟಕ. ಟವರಿನ ಹೊಟ್ಟೆಯಲ್ಲಿ 450 ವಾಟಿನ ಘಟಕವಿದ್ದು ಅದರಿಂದ 10 ವಾಟ್ ಮಾತ್ರ ಎಳೆದರೆ ಅದರ ದಕ್ಷತೆ ತೀರ ಕೆಳಗಿರುತ್ತದೆ. ಒಬ್ಬ ವಿದ್ಯಾರ್ಥಿಯನ್ನು ಕರೆತರಲು ಇಡೀ ಬಸ್ಸನ್ನು ಕಳಿಸಿದಂತೆ. ಪುಟ್ಟ ಗಣಕಗಳಿಗೆ ಲ್ಯಾಪ್‌ಟಾಪಿನಂತೆಯೇ ಹೊರಗಿನ 65 ಅಥವಾ 90 ವಾಟಿನ ಅಡಾಪ್ಟರ್ ಇರುತ್ತದೆ. ಕೊಳ್ಳುವಾಗ ಮೂಲ ಅಡಾಪ್ಟರನ್ನೇ ಕೇಳಿ ಪಡೆಯಿರಿ. ಕೆಲವು ತಯಾರಕರ ಯಂತ್ರಗಳು ಅಡಾಪ್ಟರಿನ ಗುರುತನ್ನು ಮಧ್ಯದ ಪಿನ್ನಿನ ಮೂಲಕ ಪರೀಕ್ಷಿಸುತ್ತವೆ. ಗುರುತು ಸಿಗದಿದ್ದರೆ ಎಚ್ಚರಿಕೆ ತೋರಿಸಿ ವೇಗವನ್ನು ಇಳಿಸಿಬಿಡುತ್ತವೆ.

ಮನೆಯ ಮೀಟರಿನಿಂದಲೇ ಅಳತೆ

ವಾಟ್ ಮೀಟರ್ ಇರುವ ಪ್ಲಗ್ಗುಗಳು ಅಂಗಡಿಗಳಲ್ಲಿ ಸಿಗುತ್ತವೆ. ಇಲ್ಲದಿದ್ದರೂ ಚಿಂತೆಯಿಲ್ಲ. ನಿಮ್ಮ ಮನೆಯ ಇಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವೊಂದಿದೆ. ಅದರ ಪಕ್ಕದಲ್ಲಿ ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದನ್ನು ಮುದ್ರಿಸಿರುತ್ತಾರೆ. ಅದು 3,200 ಎಂದಿದ್ದರೆ, ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ ಆದ್ದರಿಂದ, ಪ್ರತಿ ಮಿನುಗೂ 1,125 ಜೂಲ್ ಶಕ್ತಿಯನ್ನು ಸೂಚಿಸುತ್ತದೆ. ಮಿನುಗುಗಳ ನಡುವಿನ ಕಾಲವನ್ನು ಸೆಕೆಂಡುಗಳಲ್ಲಿ ಅಳೆದು 1,125ನ್ನು ಅದರಿಂದ ಭಾಗಿಸಿದರೆ ಸಾಮರ್ಥ್ಯ ವಾಟ್‌ಗಳಲ್ಲಿ ದೊರೆಯುತ್ತದೆ.

10 ವಾಟಿನ ಗಣಕ ಒಂದೇ ಚಾಲೂ ಇದ್ದರೆ ಒಂದು ಮಿನುಗಿಗೆ 112 ಸೆಕೆಂಡು ಕಾಯಬೇಕು. ಅಲ್ಲದೆ ತೀರ ಸಣ್ಣ ಹೊರೆಯನ್ನು ಕೆಲವು ಮೀಟರುಗಳು ಗುರುತಿಸದೆಯೂ ಇರಬಹುದು. ಇದಕ್ಕೊಂದು ಉಪಾಯವಿದೆ. ಮನೆಯ ಬೇರೆಲ್ಲ ಸಾಧನಗಳನ್ನೂ ಆರಿಸಿ (ಇನ್ವರ್ಟರನ್ನು ಮರೆಯಬೇಡಿ, ಬ್ಯಾಟರಿ ತುಂಬಲು ಅದು ಸದಾ ಎಳೆಯುತ್ತಿರುತ್ತದೆ), ಹಳೆಯ ಕಾಲದ 60 ವಾಟಿನ ತಂತು ಬಲ್ಬೊಂದನ್ನು ಉರಿಸಿ. 20 ಮಿನುಗುಗಳಿಗೆ 376 ಸೆಕೆಂಡು ಹಿಡಿಯಿತು ಎನ್ನಿ. 22,500 ಜೂಲನ್ನು 376ರಿಂದ ಭಾಗಿಸಿದರೆ 59.8 ವಾಟ್. ಈಗ ಗಣಕವನ್ನೂ ಚಾಲೂ ಮಾಡಿ ಐದು ನಿಮಿಷ ಬಿಟ್ಟು ಮತ್ತೆ 20 ಮಿನುಗುಗಳನ್ನು ಎಣಿಸಿ. 322 ಸೆಕೆಂಡು ಬಂದರೆ ಒಟ್ಟು 69.9 ವಾಟ್. ವ್ಯತ್ಯಾಸ 10 ವಾಟ್. ಅದೇ ಗಣಕದ ಪಾಲು. ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸ ತೆಗೆಯುತ್ತಿರುವುದರಿಂದ ದೋಷ ಹೆಚ್ಚುತ್ತದೆ. ಎಣಿಕೆಯಲ್ಲಿ ಒಂದೆರಡು ಸೆಕೆಂಡು ತಪ್ಪಿದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿ. ದೋಷ ವಿಶ್ಲೇಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆಮ್ಮೀಟರಿನಿಂದ ಪ್ರವಾಹವನ್ನು ಅಳೆದು 230ರಿಂದ ಗುಣಿಸುವ ಸುಲಭ ದಾರಿಯನ್ನು ಮಾತ್ರ ಹಿಡಿಯಬೇಡಿ. ಸಣ್ಣ ಹೊರೆಯಲ್ಲಿ ಅಡಾಪ್ಟರುಗಳ ಪವರ್ ಫ್ಯಾಕ್ಟರ್ ಒಂದಕ್ಕಿಂತ ಬಹಳ ಕೆಳಗಿರುತ್ತದೆ. ಆ ಗುಣಲಬ್ಧ ನಿಜವಾದ ಬಳಕೆಗಿಂತ ಬಹಳ ಹೆಚ್ಚು ಬರುತ್ತದೆ.

ಸದ್ದು ಎಲ್ಲಿಂದ ಬರುತ್ತದೆ?

ನಮ್ಮ ಮನೆಗಳಲ್ಲಿ ಸರ್ವರಿಗೆಂದು ಬೇರೆ ಕೋಣೆ ಇರುವುದಿಲ್ಲ. ಅದು ಕೂರುವುದು ನಡುಮನೆಯಲ್ಲಿ ಅಥವಾ ಮಕ್ಕಳು ಓದುವ, ಮಲಗುವ ಕೋಣೆಯಲ್ಲಿ. ರಾತ್ರಿ ಮಲಗುವ ಕೋಣೆಯಲ್ಲಿ ಸತತ ಶಬ್ದ 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ. ಹಗಲಿನ ಗದ್ದಲದಲ್ಲಿ, ಅಂಗಡಿಯಲ್ಲಿ, ಕೇಳಿಸದ ಗುಂಯ್‌ಕಾರ ನಡುರಾತ್ರಿ ಸ್ಪಷ್ಟವಾಗಿ ಕೇಳಿಸುತ್ತದೆ.

ಮೊದಲ ಅಪರಾಧಿ ಫ್ಯಾನು. ಫ್ಯಾನಿನ ನಿಯಮಗಳು ಬಹಳ ಸ್ವಾರಸ್ಯಕರ. ಸಾಗಿಸುವ ಗಾಳಿಯ ಪ್ರಮಾಣ ಅದರ ವೇಗಕ್ಕೆ ಅನುಪಾತದಲ್ಲಿರುತ್ತದೆ. ಬೇಕಾಗುವ ಸಾಮರ್ಥ್ಯ ವೇಗದ ಮೂರನೆಯ ಘಾತಕ್ಕೆ. ಹೊಮ್ಮುವ ಶಬ್ದಶಕ್ತಿ ಸರಿಸುಮಾರು ಐದನೆಯ ಘಾತಕ್ಕೆ! ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಶಬ್ದ 32ರಲ್ಲಿ ಒಂದು ಪಾಲಾಗುತ್ತದೆ, ಎಂದರೆ 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸುತ್ತದೆ. ಆದ್ದರಿಂದ ಉಷ್ಣವನ್ನು ಸ್ವಲ್ಪ ಕಡಿಮೆ ಮಾಡಿ ಫ್ಯಾನಿಗೆ ತುಸು ಬಿಡುವು ಕೊಟ್ಟರೂ ಕಿವಿಗೆ ದೊರೆಯುವ ಲಾಭ ದೊಡ್ಡದು.

ಪುಟ್ಟ ಗಣಕದ ತೊಂದರೆ ಏನೆಂದರೆ ಅದರ ಫ್ಯಾನೂ ಪುಟ್ಟದು. ಅಷ್ಟೇ ಗಾಳಿಯನ್ನು ಸಾಗಿಸಲು ಚಿಕ್ಕ ಫ್ಯಾನು ಹೆಚ್ಚು ವೇಗವಾಗಿ ತಿರುಗಬೇಕು. ಏಳು ಅಲಗುಗಳ ಫ್ಯಾನು ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಸೆಕೆಂಡಿಗೆ 40 ಸುತ್ತು. ಯಾವುದೇ ಒಂದು ಬಿಂದುವನ್ನು ಸೆಕೆಂಡಿಗೆ 280 ಅಲಗುಗಳು ಹಾಯುತ್ತವೆ. ಆ 280 ಹರ್ಟ್ಸಿನ ಸ್ವರವೇ ನಮಗೆ ಕೇಳಿಸುವ ಗುಂಯ್‌ಕಾರದ ಮೂಲ. ವೇಗ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಸಮನಾದ 'ಸುಯ್' ಎಂಬ ಗಾಳಿಯ ಸದ್ದಿಗಿಂತ ಹೀಗೆ ಏರುತ್ತ ಇಳಿಯುತ್ತ ಇರುವ ಸ್ವರ ಕಿವಿಗೆ ಹೆಚ್ಚು ಹಿಂಸೆ.

ಫ್ಯಾನು ಯಾವಾಗ ವೇಗ ಹಿಡಿಯುತ್ತದೆ? ಸಂಸ್ಕಾರಕದ ತಾಪ ಏರಿದಾಗ. ಇಲ್ಲಿ ಓಮನ ನಿಯಮವನ್ನೇ ಹೋಲುವ ಸಂಬಂಧವೊಂದಿದೆ: ಕೋಣೆಗಿಂತ ಸಂಸ್ಕಾರಕ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿದೆ ಎಂಬುದು, ಅದು ಹೊರಹಾಕುವ ಸಾಮರ್ಥ್ಯ ಮತ್ತು ದಾರಿಯ ಉಷ್ಣರೋಧ, ಇವೆರಡರ ಗುಣಲಬ್ಧ. ಉಷ್ಣರೋಧವು ವಾಟಿಗೆ 1.5 ಡಿಗ್ರಿ ಎಂದುಕೊಳ್ಳಿ. ಸುಮ್ಮನಿರುವಾಗ 3 ವಾಟಿಗೆ ಏರಿಕೆ ನಾಲ್ಕೂವರೆ ಡಿಗ್ರಿ ಮಾತ್ರ. 35 ವಾಟ್ ಆದಾಗ 52 ಡಿಗ್ರಿ. ಮೈಸೂರಿನ 28 ಡಿಗ್ರಿಯ ಕೋಣೆಯಲ್ಲಿ ಸಂಸ್ಕಾರಕ 80ಕ್ಕೆ ನಿಂತರೆ, ಮೇ ತಿಂಗಳಲ್ಲಿ ರಾಯಚೂರಿನ 40 ಡಿಗ್ರಿಯ ಕೋಣೆಯಲ್ಲಿ 92 ತಲುಪುತ್ತದೆ. ಒಂದೇ ಯಂತ್ರ, ಒಂದೂರಲ್ಲಿ ಮೌನಿ, ಇನ್ನೊಂದೂರಲ್ಲಿ ವಾಚಾಳಿ. ವಿದೇಶದ ಚಳಿ ಕೋಣೆಗಳಲ್ಲಿ ಕುಳಿತು ಬರೆದ 'ಸದ್ದೇ ಇಲ್ಲ' ಎಂಬ ವಿಮರ್ಶೆಗಳನ್ನು ನಾವು ಈ ಕಾರಣದಿಂದ ಸ್ವಲ್ಪ ಜಾಗ್ರತೆಯಿಂದ ಓದಬೇಕು.

ಆರೇಳು ವರ್ಷ ದುಡಿದ ಗಣಕದಲ್ಲಿ ಈ ಉಷ್ಣರೋಧ ಹೆಚ್ಚಿರುವ ಸಾಧ್ಯತೆಯುಂಟು. ಸಂಸ್ಕಾರಕಕ್ಕೂ ಲೋಹದ ಉಷ್ಣಹಾರಿಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿ ಗಟ್ಟಿಯಾಗಿರುತ್ತದೆ. ರೆಕ್ಕೆಗಳ ಸಂದಿಯಲ್ಲಿ ಧೂಳು ಚಾಪೆಯಂತೆ ಕೂತಿರುತ್ತದೆ. ಕೆಲವು ತಿರುಪುಗಳನ್ನು ಬಿಚ್ಚಿ ಕುಂಚದಿಂದ ಧೂಳು ತೆಗೆದು, ಹಳೆಯ ಪೇಸ್ಟನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಚ್ಚಿದರೆ ಮುಗಿಯಿತು. ಇದರಿಂದ ದೊರೆಯುವಷ್ಟು ನಿಶ್ಶಬ್ದ ಇನ್ನಾವ ಖರ್ಚಿನಿಂದಲೂ ದೊರೆಯದು. ಹೀಗೆ ಮಾಡುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿಟ್ಟುಕೊಳ್ಳಿ. ಊದುವ ಯಂತ್ರದಿಂದ ಗಾಳಿ ಹೊಡೆದು ಅದನ್ನು ಗಿರ್ರನೆ ತಿರುಗಿಸಿದರೆ ಬೇರಿಂಗು ಕೆಡಬಹುದು. ಬೇರಿಂಗು ಮೊದಲೇ ಸವೆದಿದ್ದರೆ, ಗರಗರ ಸದ್ದು ಬರುತ್ತಿದ್ದರೆ, ಫ್ಯಾನನ್ನೇ ಬದಲಿಸಬೇಕು.

ಎರಡನೆಯ ಅಪರಾಧಿ ತಿರುಗುವ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120. ಈ 120 ಹರ್ಟ್ಸಿನ ನಡುಕ ತಾನಾಗಿ ಅಷ್ಟೇನೂ ಕೇಳಿಸದು. ಆದರೆ ಗಣಕವನ್ನು ಮರದ ಮೇಜಿನ ಮೇಲೋ ತಗಡಿನ ಬೀರುವಿನ ಮೇಲೋ ಇಟ್ಟು ನೋಡಿ! ಕಂಪಿಸುವ ಶ್ರುತಿಕವೆಯ ಬುಡವನ್ನು ಮೇಜಿಗೆ ಒತ್ತಿದಾಗ ಸದ್ದು ಏಕಾಏಕಿ ದೊಡ್ಡದಾಗುವುದನ್ನು ತರಗತಿಯಲ್ಲಿ ತೋರಿಸುತ್ತೇವಲ್ಲ, ಇಲ್ಲಿ ನಡೆಯುವುದೂ ಅದೇ ಪ್ರೇರಿತ ಕಂಪನ. ಮೇಜಿನ ಅಗಲವಾದ ಮೇಲ್ಮೈ ಹೆಚ್ಚು ಗಾಳಿಯನ್ನು ಅಲುಗಾಡಿಸುತ್ತದೆ. ಗಣಕದ ಕೆಳಗೆ ಹಳೆಯ ಮೌಸ್ ಪ್ಯಾಡನ್ನು ಮಡಿಸಿಟ್ಟರೆ ಸಾಕು, ಬಹಳಷ್ಟು ಅಡಗುತ್ತದೆ. ಗಾಳಿಯ ಕಿಂಡಿಗಳು ಮಾತ್ರ ಮುಚ್ಚಿಹೋಗಬಾರದು. ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಈ ಪ್ರಶ್ನೆಯೇ ಉಳಿಯುವುದಿಲ್ಲ. ಅದರಲ್ಲಿ ಚಲಿಸುವ ಭಾಗವೇ ಇಲ್ಲ.

ಫ್ಯಾನೇ ಇಲ್ಲದ ಯಂತ್ರಗಳೂ ಉಂಟು. ಬ್ಯಾಂಕು, ಆಸ್ಪತ್ರೆಗಳಲ್ಲಿ ಬಳಸಿ ಮಾರಿದ ಡೆಲ್ ವೈಸ್ 5070ರಂಥ 'ತಿನ್ ಕ್ಲೈಂಟ್'ಗಳು ಹಾಗಿರುತ್ತವೆ. ಕಡತಗಳನ್ನು ಹಂಚುವುದಷ್ಟೇ ಕೆಲಸವಾದರೆ, ಮಲಗುವ ಕೋಣೆಯಲ್ಲೇ ಇಡಬೇಕಾದರೆ, ನನ್ನ ಮತ ಅದಕ್ಕೇ. ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಅದೂ ಆಗಬಹುದು. ಆದರೆ ವರ್ಷಗಟ್ಟಲೆ ಚಾರ್ಜಿನಲ್ಲೇ ಇಟ್ಟ ಬ್ಯಾಟರಿ ಉಬ್ಬಿಕೊಳ್ಳುವ ಅಪಾಯವಿದೆ ಎಂಬುದನ್ನು ಮರೆಯದಿರಿ.

ಅಂಗಡಿಯಲ್ಲಿ

ಲೆನೊವೊದ ಥಿಂಕ್‌ಸೆಂಟರ್ ಟೈನಿ, ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿಯ ಎಲೈಟ್‌ಡೆಸ್ಕ್ ಮತ್ತು ಪ್ರೊಡೆಸ್ಕ್ ಮಿನಿ, ಈ ಮೂರರಲ್ಲಿ ಯಾವುದಾದರೂ ಸರಿ. ಮೂರೂ ಸುಮಾರು 18 ಸೆಂಟಿಮೀಟರ್ ಚೌಕ, ಮೂರೂವರೆ ಸೆಂಟಿಮೀಟರ್ ದಪ್ಪ. ಘನಗಾತ್ರ ಒಂದು ಲೀಟರಿಗೆ ತುಸು ಹೆಚ್ಚು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ವಾದಕ್ಕಿಂತ ನಿಮ್ಮ ಕೈಯಲ್ಲಿರುವ ಒಂದು ನಿರ್ದಿಷ್ಟ ಯಂತ್ರ ಹೇಗಿದೆ ಎಂಬುದು ಮುಖ್ಯ. ತಲೆಮಾರಿನ ವಿಷಯದಲ್ಲಿ ಮಾತ್ರ ನನ್ನ ಆಯ್ಕೆ ಸ್ಪಷ್ಟ: 7ನೆಯ ತಲೆಮಾರಿನದು, ಉದಾಹರಣೆಗೆ ಥಿಂಕ್‌ಸೆಂಟರ್ ಎಂ710ಕ್ಯೂ ಅಥವಾ ಆಪ್ಟಿಪ್ಲೆಕ್ಸ್ 3050. ವಿಂಡೋಸ್ 11 ಇವನ್ನು ಒಪ್ಪದಿರುವುದರಿಂದ ಬೆಲೆ ಬಿದ್ದಿದೆ. 6ನೆಯದಕ್ಕಿಂತ ಇವು ಮೇಲು, ಏಕೆಂದರೆ ಈಗ ಬಳಕೆಯಲ್ಲಿರುವ 10 ಬಿಟ್ಟಿನ ಎಚ್‌ಇವಿಸಿ ವಿಡಿಯೊಗಳನ್ನು ಇವುಗಳ ಒಳಗಿನ ಪ್ರತ್ಯೇಕ ಮಂಡಲವೇ ಬಿಡಿಸುತ್ತದೆ. ಸಂಸ್ಕಾರಕದ ಉಳಿದ ಭಾಗ ನಿದ್ರಿಸುತ್ತಿರಬಹುದು. ನಾಲ್ಕರ ಬದಲು ಆರು ತಿರುಳುಗಳಿರುವ 8500ಟಿ ಬಲಶಾಲಿ, ಆದರೆ ಕೆಲಸ ಬಂದ ಮೊದಲ ಕೆಲವು ಕ್ಷಣ 35 ವಾಟನ್ನು ಮೀರಿ ಜಿಗಿಯುತ್ತದೆ, ಫ್ಯಾನನ್ನೂ ಎಬ್ಬಿಸುತ್ತದೆ. ಆ ಬಲ ನಿಮಗೆ ಬೇಕೇ ಎಂದು ಕೇಳಿಕೊಳ್ಳಿ. 4ನೆಯ ತಲೆಮಾರು ಮತ್ತು ಅದಕ್ಕಿಂತ ಹಿಂದಿನವು ಎಷ್ಟೇ ಅಗ್ಗವಾದರೂ ಬೇಡ.

ಮೆಮೊರಿ 8 ಗಿಗಾಬೈಟ್ ಇದ್ದರೆ ಸಾಕು, 16 ಇದ್ದರೆ ಆರಾಮ. 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ಏಕಾಏಕಿ ಏರಿತು. ಆದ್ದರಿಂದ ಖಾಲಿ ಯಂತ್ರ ಕೊಂಡು ಆಮೇಲೆ ಮೆಮೊರಿ ಹಾಕಿಸುವುದಕ್ಕಿಂತ ಅದು ಇರುವ ಯಂತ್ರವನ್ನೇ ಆರಿಸುವುದು ಜಾಣತನ.

ಅಂಗಡಿಯಲ್ಲಿ ಹತ್ತು ನಿಮಿಷ ಯಂತ್ರವನ್ನು ಓಡಿಸಿ ನೋಡದೆ ಹಣ ಕೊಡಬೇಡಿ. ಮೊದಲು ಬಯಾಸ್ ಒಳಗೆ ಹೋಗಿ. ಹಿಂದಿನ ಕಚೇರಿಯವರು ಹಾಕಿದ ಪಾಸ್‌ವರ್ಡ್ ಅಲ್ಲಿ ಉಳಿದಿದ್ದರೆ ಆ ಯಂತ್ರ ನಿಮ್ಮದಾಗಿಯೂ ನಿಮ್ಮದಲ್ಲ, ಕೆಳಗಿಡಿ. ದೂರದಿಂದ ನಿಯಂತ್ರಿಸುವ ಇಂಟೆಲ್‌ನ ಎಎಂಟಿ ಸೌಲಭ್ಯ ಚಾಲೂ ಇದ್ದರೆ ಅದನ್ನು ಅಳಿಸಿ ಮೊದಲಿನ ಸ್ಥಿತಿಗೆ ತರಬೇಕು. ವಿದ್ಯುತ್ ಹೋಗಿ ಬಂದಾಗ ತಾನಾಗಿಯೇ ಚಾಲೂ ಆಗುವ ಆಯ್ಕೆ ಇದೆಯೇ ನೋಡಿ, ಸರ್ವರಿಗೆ ಇದು ಬಹಳ ಅಗತ್ಯ. ಗಡಿಯಾರ ಹಳೆಯ ಇಸವಿಗೆ ಹೋಗಿದ್ದರೆ ಒಳಗಿನ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದರ್ಥ. ಅದು ದೋಷವಲ್ಲ, ಕಡಿಮೆ ಖರ್ಚಿನಲ್ಲಿ ಬದಲಿಸಬಹುದು. ಪೆನ್ ಡ್ರೈವಿನಲ್ಲಿ ಲಿನಕ್ಸ್ ಒಯ್ದರೆ ಎಸ್‌ಎಸ್‌ಡಿ ಎಷ್ಟು ಗಂಟೆ ದುಡಿದಿದೆ, ಎಷ್ಟು ಸವೆದಿದೆ ಎಂಬ ಸ್ಮಾರ್ಟ್ ದಾಖಲೆಯನ್ನು ಅಲ್ಲೇ ಓದಬಹುದು. ಕೊನೆಗೆ ಎಲ್ಲ ತಿರುಳುಗಳಿಗೂ ಕೆಲಸ ಕೊಟ್ಟು ಕಿವಿಯನ್ನು ಹತ್ತಿರ ಹಿಡಿಯಿರಿ.

ವಿದ್ಯುತ್ ಹೋದಾಗ, ಡಿಸ್ಕ್ ಹೋದಾಗ

ಇನ್ವರ್ಟರ್ ಇರುವ ಮನೆಗಳಲ್ಲಿ ಬದಲಾವಣೆಯ ಆ ಒಂದು ಕ್ಷಣದಲ್ಲಿ ಟವರ್ ಗಣಕ ಸತ್ತು ಹುಟ್ಟುವುದನ್ನು ನೋಡಿದ್ದೀರಿ. ಪುಟ್ಟ ಗಣಕ ಸಾಮಾನ್ಯವಾಗಿ ಅಲುಗಾಡುವುದಿಲ್ಲ. ಅಡಾಪ್ಟರಿನೊಳಗಿನ ಕೆಪಾಸಿಟರ್ 325 ವೋಲ್ಟಿಗೆ ತುಂಬಿರುತ್ತದೆ. ಅದು 100 ಮೈಕ್ರೊಫ್ಯಾರಡಿನದು, 125 ವೋಲ್ಟಿಗೆ ಇಳಿಯುವವರೆಗೂ ಅಡಾಪ್ಟರ್ ಕೆಲಸ ಮಾಡುತ್ತದೆ ಎಂದುಕೊಂಡರೆ, ದೊರೆಯುವ ಶಕ್ತಿ ನಾಲ್ಕೂವರೆ ಜೂಲ್. 65 ವಾಟ್ ಎಳೆದರೆ ಅದು ಸೆಕೆಂಡಿನ ನೂರರಲ್ಲಿ ಏಳು ಭಾಗಕ್ಕೆ ಮುಗಿಯುತ್ತದೆ. 10 ವಾಟಿಗಾದರೆ ಹೆಚ್ಚುಕಡಿಮೆ ಅರ್ಧ ಸೆಕೆಂಡು ಬರುತ್ತದೆ. ಇನ್ವರ್ಟರಿಗೆ ಅಷ್ಟು ಕಾಲ ಬೇಕಿಲ್ಲ.

ಡಿಸ್ಕಿನ ವಿಷಯ ಇಷ್ಟು ಹಗುರವಲ್ಲ. ಪುಟ್ಟ ಗಣಕದಲ್ಲಿ ಒಂದು ಎಂ.2 ಎಸ್‌ಎಸ್‌ಡಿಗೂ ಒಂದು ಎರಡೂವರೆ ಇಂಚಿನ ಡ್ರೈವಿಗೂ ಜಾಗವಿರುತ್ತದೆ. ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ತೀರಿಕೊಂಡ ಹಿರಿಯರ ದನಿ, ಸಂಶೋಧನೆಯ ಅಳತೆಗಳು, ಎಲ್ಲವನ್ನೂ ಫೋನಿನಿಂದ ಸರ್ವರಿಗೆ ಸಾಗಿಸಿ ಫೋನನ್ನು ಖಾಲಿ ಮಾಡಿದ ದಿನ, ಅವು ಮತ್ತೆ ಒಂದೇ ಕಡೆ ಉಳಿದಂತಾಯಿತು. ಒಂದು ಡಿಸ್ಕ್ ವರ್ಷದಲ್ಲಿ ಕೆಡುವ ಸಂಭವನೀಯತೆ 0.02 ಎಂದು ಭಾವಿಸೋಣ. ಎರಡು ಪ್ರತಿಗಳಿದ್ದರೆ ಎರಡೂ ಕೆಡುವುದು 0.0004, ಎಂದರೆ ಎರಡೂವರೆ ಸಾವಿರದಲ್ಲಿ ಒಂದು. ಆದರೆ ಈ ಗುಣಾಕಾರ ಸಲ್ಲುವುದು ಆ ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ. ಎರಡು ಡಿಸ್ಕೂ ಒಂದೇ ಪೆಟ್ಟಿಗೆಯಲ್ಲಿದ್ದು, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ತಂತಿಯ ಮೂಲಕ ಸಿಡಿಲಿನ ಹೊಡೆತ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ. ಕಳ್ಳನಾದರೂ ಪೆಟ್ಟಿಗೆಯನ್ನೇ ಒಯ್ಯುತ್ತಾನೆ. ಹಾಗಾಗಿ ಒಂದು ಪ್ರತಿ ಹೊರಗಿನ ಯುಎಸ್‌ಬಿ ಡಿಸ್ಕಿನಲ್ಲಿರಲಿ; ಪ್ರತಿ ಮಾಡಿದೊಡನೆ ತಂತಿ ಕಿತ್ತು ಬೀರುವಿನೊಳಗಿಡಿ. ಇನ್ನೊಂದು ಡಿಸ್ಕನ್ನು ತಂಗಿಯ ಮನೆಯಲ್ಲೋ ಶಾಲೆಯಲ್ಲೋ ಇಟ್ಟು, ಹಬ್ಬಕ್ಕೆ ಹೋದಾಗ ಅದಲು ಬದಲು ಮಾಡಿಕೊಳ್ಳಿ. ಸರ್ವರಿನ ಬೆಲೆಯಲ್ಲಿ ಈ ಎರಡು ಡಿಸ್ಕುಗಳ ಬೆಲೆಯನ್ನೂ ಮೊದಲೇ ಸೇರಿಸಿ ಲೆಕ್ಕ ಹಾಕಬೇಕು. ಹಣ ಸಾಲದಿದ್ದರೆ 8ನೆಯ ತಲೆಮಾರನ್ನು ಬಿಟ್ಟು 7ನೆಯದಕ್ಕೆ ಇಳಿಯಿರಿ, ಡಿಸ್ಕನ್ನು ಬಿಡಬೇಡಿ.

ತಂತ್ರಾಂಶದ ವಿವರಕ್ಕೆ ಇಲ್ಲಿ ಸ್ಥಳವಿಲ್ಲ. ಡೆಬಿಯನ್ ಲಿನಕ್ಸ್, ಕಡತ ಹಂಚಲು ಸಾಂಬಾ, ವಿಡಿಯೊಗಳಿಗೆ ಜೆಲ್ಲಿಫಿನ್, ಛಾಯಾಚಿತ್ರಗಳಿಗೆ ಇಮ್ಮಿಚ್, ಎಲ್ಲವೂ ಉಚಿತ. ಯಂತ್ರವನ್ನು ವೈಫೈ ಮೂಲಕ ಜೋಡಿಸದೆ ರೂಟರಿಗೆ ತಂತಿಯಿಂದಲೇ ಜೋಡಿಸಿ. ಅನುಭವ ಬರುವವರೆಗೆ ಅದು ಮನೆಯ ಜಾಲದೊಳಗೇ ಇರಲಿ, ಹೊರಗಿನ ಅಂತರಜಾಲಕ್ಕೆ ಬಾಗಿಲು ತೆರೆಯಬೇಡಿ. ಬೇಸಗೆಯಲ್ಲಿ ಫ್ಯಾನಿನ ಸದ್ದು ಕಾಡಿದರೆ ಬಯಾಸ್‌ನಲ್ಲಿ 'ಟರ್ಬೊ' ಆಯ್ಕೆಯನ್ನು ಆರಿಸಿಬಿಡಿ. ಮನೆಯವರಿಗೆ ವೇಗದ ವ್ಯತ್ಯಾಸ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಗೆ ಹೇಗೂ ಎಲ್ಲ ಯಂತ್ರಗಳನ್ನೂ ಒರೆಸುವ ದಿನ, ಇದರ ಮುಚ್ಚಳವನ್ನೂ ತೆರೆದು ರೆಕ್ಕೆಗಳ ನಡುವಿನ ಧೂಳು ತೆಗೆಯಿರಿ.